ಎಲ್ಲರ ಹಾಡಿನಲ್ಲೂ ಕ್ರಿಸ್ ಸ್ಪೆಡಿಂಗ್

1976ರ ಮೇ ತಿಂಗಳು. ಇನ್ನೂ ಒಂದು ರೆಕಾರ್ಡನ್ನೂ ಹೊರತರದ ಪಂಕ್ ತಂಡ ಸೆಕ್ಸ್ ಪಿಸ್ಟಲ್ಸ್ ಲಂಡನ್ನಿನ ಸ್ಟುಡಿಯೊ ಒಂದರಲ್ಲಿ ಮೂರು ಹಾಡುಗಳ ಡೆಮೊ ಮುದ್ರಿಸಿತು. ಈ ಹುಡುಗರಿಗೆ ವಾದ್ಯ ನುಡಿಸಲಿಕ್ಕೇ ಬರುವುದಿಲ್ಲವೆಂಬ ಮಾತು ಎಲ್ಲೆಡೆ ಇದ್ದ ಕಾಲ ಅದು. ಅವರನ್ನು ನಂಬಿ ಮುದ್ರಣದ ಹೊಣೆ ಹೊತ್ತವರು ಬ್ರಿಟಿಷ್ ಗಿಟಾರ್ ವಾದಕ ಕ್ರಿಸ್ ಸ್ಪೆಡಿಂಗ್. ಮುಂದೆ, ತಂಡದ ರೆಕಾರ್ಡಿಂಗ್‌ಗಳಲ್ಲಿ ಗಿಟಾರ್ ನುಡಿಸಿದ್ದು ಅದರ ಗಿಟಾರ್ ವಾದಕ ಸ್ಟೀವ್ ಜೋನ್ಸ್ ಅಲ್ಲ, ಸ್ಪೆಡಿಂಗ್ ಅವರೇ ಎಂಬ ಗುಮಾನಿ ಹಬ್ಬಿತು. ಸ್ಪೆಡಿಂಗ್ ಅದನ್ನು ಅಲ್ಲಗಳೆದರು. ಸುಮ್ಮನಿದ್ದಿದ್ದರೆ ಪಂಕ್ ಸಂಗೀತದ ಹುಟ್ಟಿನಲ್ಲಿ ಅವರಿಗೆ ಇನ್ನೂ ದೊಡ್ಡ ಪಾಲು ಸಿಗುತ್ತಿತ್ತು.

ಅದಕ್ಕೂ ಮುಂಚೆ ಅವರು ‘ವೂಂಬಲ್ಸ್’ ತಂಡದಲ್ಲಿ ಗಿಟಾರ್ ನುಡಿಸಿದ್ದರು. ಮಕ್ಕಳ ಕತೆಗಳಲ್ಲಿ ವಿಂಬಲ್ಡನ್ನಿನ ಬಯಲಲ್ಲಿ ಕಸ ಹೆಕ್ಕುವ ಪ್ರಾಣಿಗಳೇ ಈ ವೂಂಬಲ್‌ಗಳು. ಸಂಯೋಜಕ ಮೈಕ್ ಬ್ಯಾಟ್ ಅವುಗಳ ಹೆಸರಿನಲ್ಲಿ ಹಾಡು ಕಟ್ಟಿದಾಗ ಸ್ಪೆಡಿಂಗ್ ಮೈತುಂಬ ರೋಮದ ವೇಷ ತೊಟ್ಟು ಟಿವಿಯಲ್ಲೂ ಕಾಣಿಸಿಕೊಂಡರು. ಮಕ್ಕಳ ಹಾಡು, ಪಂಕ್ ಎರಡಕ್ಕೂ ಒಂದೇ ಶ್ರದ್ಧೆಯಿಂದ ಕೂತ ವಾದಕರು ಆ ಕಾಲದಲ್ಲಿ ವಿರಳ.

1944ರಲ್ಲಿ ಡರ್ಬಿಶೈರಿನಲ್ಲಿ ಹುಟ್ಟಿದ ಸ್ಪೆಡಿಂಗ್ ಬಾಲ್ಯದಲ್ಲಿ ಕಲಿತದ್ದು ಪಿಟೀಲು. ಗಿಟಾರಿಗೆ ಹೊರಳಿದ ಮೇಲೆ ಕವಿ ಪೀಟ್ ಬ್ರೌನ್ ಅವರ ‘ಬ್ಯಾಟರ್ಡ್ ಆರ್ನಮೆಂಟ್ಸ್’ ಸೇರಿದರು. 1969ರ ಜುಲೈನಲ್ಲಿ ಹೈಡ್ ಪಾರ್ಕಿನಲ್ಲಿ ರೋಲಿಂಗ್ ಸ್ಟೋನ್ಸ್ ಕಛೇರಿಗೆ ಮುನ್ನ ಈ ತಂಡ ನುಡಿಸಬೇಕಿತ್ತು. ಅದರ ಹೊಸ್ತಿಲಲ್ಲೇ ತಂಡ ಬ್ರೌನ್ ಅವರನ್ನು ಕೈಬಿಟ್ಟಿತು. ಮುಂದಿನ ಆಲ್ಬಮಿನಲ್ಲಿ ಹಾಡುವ ಭಾರವೂ ಸ್ಪೆಡಿಂಗ್ ಹೆಗಲಿಗೆ ಬಿತ್ತು. ಅದೇ ವರ್ಷ ಜ್ಯಾಕ್ ಬ್ರೂಸ್ ಅವರ ‘ಸಾಂಗ್ಸ್ ಫಾರ್ ಎ ಟೇಲರ್’ ಆಲ್ಬಮಿಗೆ ನುಡಿಸಿದರು, ಆಮೇಲೆ ತುತ್ತೂರಿ ವಾದಕ ಇಯಾನ್ ಕಾರ್ ಅವರ ‘ನ್ಯೂಕ್ಲಿಯಸ್’ ತಂಡ ಸೇರಿದರು. ಜಾಝ್ ಮತ್ತು ರಾಕ್ ಬೆರೆಸಿದ ಬ್ರಿಟಿಷ್ ತಂಡಗಳಲ್ಲಿ ಮೊದಮೊದಲಿನದು ಅದು. 1970ರಲ್ಲಿ ಮಾಂಟ್ರೂ ಜಾಝ್ ಉತ್ಸವದ ಸ್ಪರ್ಧೆಯಲ್ಲಿ ಗೆದ್ದಿತು. ಅದರ ‘ಎಲಾಸ್ಟಿಕ್ ರಾಕ್’ ಆಲ್ಬಮಿನಲ್ಲಿ ಸ್ಪೆಡಿಂಗ್ ಗಿಟಾರ್ ಎಲ್ಲಿಯೂ ಮುನ್ನುಗ್ಗುವುದಿಲ್ಲ. ಒಳ್ಳೆಯ ಪಕ್ಕವಾದ್ಯದವರಂತೆ ಜಾಗ ಬಿಟ್ಟು, ಬೇಕಾದಲ್ಲಿ ಮಾತ್ರ ಕೈ ಹಾಕುತ್ತದೆ.

ಆಮೇಲೆ ಅವರು ಗಿಟಾರ್ ನುಡಿಸಿಕೊಟ್ಟವರ ಪಟ್ಟಿ ಉದ್ದ. ಹ್ಯಾರಿ ನಿಲ್ಸನ್, ಜಾನ್ ಕೇಲ್, ಬ್ರಯನ್ ಫೆರಿ, 1978ರಲ್ಲಿ ಜೆಫ್ ವೇನ್ ಅವರ ‘ದ ವಾರ್ ಆಫ್ ದ ವರ್ಲ್ಡ್ಸ್’.

ತಮ್ಮದೇ ಹೆಸರಿನಲ್ಲಿ ಅವರು ಗೆದ್ದದ್ದು ಒಮ್ಮೆ. 1975ರ ‘ಮೋಟರ್ ಬೈಕಿನ್’ ಬ್ರಿಟಿಷ್ ಪಟ್ಟಿಯಲ್ಲಿ 14ನೇ ಸ್ಥಾನಕ್ಕೇರಿತು. ಆದರೆ ಅವರ ಪ್ರತಿಭೆಯ ಅಳತೆ ಸಿಗುವುದು ಮರುವರ್ಷದ ‘ಗಿಟಾರ್ ಜಾಂಬೊರಿ’ಯಲ್ಲಿ. ಈ ಹಾಡಿನಲ್ಲಿ ಪ್ರಸಿದ್ಧ ಗಿಟಾರ್ ವಾದಕರನ್ನು ಒಬ್ಬೊಬ್ಬರಾಗಿ ಹೆಸರಿಸಿ ಕರೆಯುತ್ತಾರೆ, ಕರೆದೊಡನೆ ಅವರವರ ಶೈಲಿಯಲ್ಲೇ ಕೆಲವು ಕ್ಷಣ ನುಡಿಸುತ್ತಾರೆ. ಚಕ್ ಬೆರಿ, ಹೆಂಡ್ರಿಕ್ಸ್, ಕ್ಲ್ಯಾಪ್ಟನ್, ಜಿಮ್ಮಿ ಪೇಜ್ ಎಲ್ಲರೂ ಬಂದು ಹೋಗುತ್ತಾರೆ. ತಂತಿಯನ್ನು ಎಳೆಯುವ ಬಗೆ, ನಾದದ ದಪ್ಪ, ಸ್ವರದ ನಡುವಿನ ಬಿಡುವು ಎಲ್ಲವನ್ನೂ ಒಳಗಿಂದ ಬಲ್ಲವರಿಗೆ ಮಾತ್ರ ಸಾಧ್ಯವಾಗುವ ಕೆಲಸವಿದು. ಇದನ್ನು ಅನುಕರಣೆಯೆಂದು ಬದಿಗಿಡುವವರು ವಿದ್ಯೆಯನ್ನೇ ಕಡೆಗಣಿಸುತ್ತಾರೆ.

ಅವರಿಗೆ ದಕ್ಕಬೇಕಾದ ಹೆಸರು ದಕ್ಕದಿರಲು ಕಾರಣವೂ ಇಲ್ಲೇ ಇದೆ. ರಾಕ್ ಲೋಕ ಒಂದೇ ಮುದ್ರೆಯನ್ನು ಮತ್ತೆಮತ್ತೆ ಒತ್ತುವ ವಾದಕನನ್ನು ಬೇಗ ಗುರುತಿಸುತ್ತದೆ. ಎರಡು ಸ್ವರ ಕೇಳಿದೊಡನೆ ಇಂಥವರೆಂದು ಹೇಳಿಬಿಡಬೇಕು ಅದಕ್ಕೆ. ಸ್ಪೆಡಿಂಗ್ ಕೇಳಿಕೊಂಡ ಪ್ರಶ್ನೆಯೇ ಬೇರೆ: ಈ ಹಾಡಿಗೆ ಏನು ಬೇಕು? ಪುಟ್ಟ ಸೋಲೊ, ಬಿಗಿಯಾದ ಲಯ, ಒಂದೊಂದು ಕಡೆ ಬರೀ ಮೌನ. ನೆನಪಿನಲ್ಲಿ ಉಳಿಯುವುದು ಹಾಡು. ನುಡಿಸಿದವರು ಹಿಂದೆ ಸರಿಯುತ್ತಾರೆ.

ಎಪ್ಪತ್ತರ ದಶಕದ ಕೊನೆಗೆ ಅವರು ಅಮೆರಿಕದ ಗಾಯಕ ರಾಬರ್ಟ್ ಗಾರ್ಡನ್ ಜೊತೆ ರಾಕಬಿಲಿ ನುಡಿಸಿದರು, 1985ರಲ್ಲಿ ಟಾಮ್ ವೇಟ್ಸ್ ಅವರ ‘ರೇನ್ ಡಾಗ್ಸ್’ಗೂ ಗಿಟಾರ್ ಹಿಡಿದರು. 2001ರಲ್ಲಿ ರಾಕ್ಸಿ ಮ್ಯೂಸಿಕ್ ಮತ್ತೆ ಒಂದಾದಾಗ ಫಿಲ್ ಮಂಜನೇರಾ ಪಕ್ಕದ ಎರಡನೆಯ ಗಿಟಾರ್ ಇವರದೇ. 2011ರಲ್ಲಿ ‘ಕಿಂಗ್ ಮಾಬ್’ ಎಂಬ ತಂಡ ಕಟ್ಟಿದರು. ಅದರಲ್ಲಿ ಬೇಸ್ ನುಡಿಸಿದವರು 1976ರ ಆ ಸೆಕ್ಸ್ ಪಿಸ್ಟಲ್ಸ್ ಡೆಮೊದಲ್ಲೂ ಇದ್ದ ಗ್ಲೆನ್ ಮ್ಯಾಟ್ಲಾಕ್.

ಹೊಸದಾಗಿ ಕೇಳುವವರು ‘ಗಿಟಾರ್ ಜಾಂಬೊರಿ’ಯಿಂದ ಶುರುಮಾಡಿ, ಅದರ ಬೆನ್ನಿಗೇ ‘ಎಲಾಸ್ಟಿಕ್ ರಾಕ್’ ಹಾಕಿ. ಎರಡನ್ನೂ ನುಡಿಸಿದವರು ಒಬ್ಬರೇ ಎಂಬುದನ್ನು ನಿಮ್ಮ ಕಿವಿಯೇ ನಿರ್ಧರಿಸಲಿ.