ಸಕ್ಕರೆಯ ಗಡಿಯೂ ಪಾದದ ಉರಿಯೂ

"ಸಕ್ಕರೆ ಗಡಿಯಲ್ಲಿದೆ, ಹೆದರಬೇಕಾದುದಿಲ್ಲ" ಎಂಬ ಮಾತು ಆನೇಮಹಲ್, ಸಕಲೇಶಪುರ, ಆಲೂರುಗಳ ಕಡೆ ಈಗ ಮನೆಮನೆಯ ಮಾತಾಗಿದೆ. ರಕ್ತಪರೀಕ್ಷೆಯ ಚೀಟಿಯನ್ನು ಮಡಿಸಿಟ್ಟು, ರಾತ್ರಿ ಪಾದ ಉರಿದರೆ ಎಣ್ಣೆ ತಿಕ್ಕಿಕೊಂಡು ಮಲಗುವವರು ಬಹಳ ಮಂದಿ. ಈ ನೆಮ್ಮದಿಗೆ ಆಧಾರವಿಲ್ಲವೆಂಬುದು ನಮ್ಮ ಅಭಿಪ್ರಾಯ. ನಾವು ವೈದ್ಯರಲ್ಲ, ಭೌತಶಾಸ್ತ್ರವನ್ನು ಬೋಧಿಸುವವರು. ಆದರೆ ಅಳತೆಯೆಂದರೇನು, ಅಳತೆಗೋಲಿನ ಮೇಲಿನ ಗೀಟೆಂದರೇನು ಎಂಬುದು ನಮ್ಮ ಶಾಸ್ತ್ರಕ್ಕೆ ಸೇರಿದ ವಿಷಯವೇ ಆಗಿದೆ.

ಮೊದಲು ಆ ಗೀಟನ್ನು ಪರಿಶೀಲಿಸೋಣ. ರಾತ್ರಿಯಿಡೀ ಉಪವಾಸವಿದ್ದವರ ರಕ್ತದ್ರವದ 100 ಮಿಲಿಲೀಟರಿನಲ್ಲಿ 100 ಮಿಲಿಗ್ರಾಮಿಗಿಂತ ಕಡಮೆ ಗ್ಲೂಕೋಸ್ ಇದ್ದರೆ ಸಹಜವೆಂದೂ, 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹವೆಂದೂ, ನಡುವಣದು ಗಡಿಯೆಂದೂ ಅಮೆರಿಕದ ಮಧುಮೇಹ ಸಂಘವು ಗಣಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಈ ಗಡಿ ತೊಡಗುವುದು 110ರಿಂದ. ಅಮೆರಿಕದ ಸಂಘವು 1997ರಲ್ಲಿ ಮಧುಮೇಹದ ಗೀಟನ್ನು 140ರಿಂದ 126ಕ್ಕೆ ಇಳಿಸಿತು. 130 ಇದ್ದವನು ಅದಕ್ಕೆ ಮೊದಲು ರೋಗಿಯಲ್ಲ, ಆಮೇಲೆ ರೋಗಿ! ಅವನ ರಕ್ತದಲ್ಲಿ ಬದಲಾದುದೇನೂ ಇರಲಿಲ್ಲ. ಹೊಳೆಯಲ್ಲಿ ನೆಟ್ಟ ಕಂಬಕ್ಕೆ ನಾವೆಳೆದ ಗೀಟನ್ನು ಕೇಳಿಕೊಂಡು ಹೇಮಾವತಿ ಏರುವುದಿಲ್ಲ. ಗೀಟು ಇರುವುದು ನಮ್ಮ ಅನುಕೂಲಕ್ಕೆ, ಏರಿಕೆಯಾದರೋ ನಿರಂತರವಾದುದು.

ಅಳತೆಯ ದೋಷವನ್ನೂ ಮರೆಯಬಾರದು. ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಯಂತ್ರಕ್ಕೆ, 100ಕ್ಕೆ ಮೇಲ್ಪಟ್ಟ ಅಂಕಿಗಳಲ್ಲಿ ಶೇಕಡ 15ರಷ್ಟು ಹೆಚ್ಚುಕಡಮೆಯನ್ನು ಅಂತರರಾಷ್ಟ್ರೀಯ ಮಾನಕವೇ ಒಪ್ಪಿಕೊಂಡಿದೆ. ನಿಜವಾದ ಪ್ರಮಾಣ 120 ಇದ್ದಾಗ ಯಂತ್ರವು 102ನ್ನೂ ತೋರಿಸಬಹುದು, 138ನ್ನೂ ತೋರಿಸಬಹುದು. ಆದುದರಿಂದ ನಿರ್ಣಯಕ್ಕೆ ಪ್ರಯೋಗಶಾಲೆಯ ಪರೀಕ್ಷೆಯೇ ಬೇಕು.

ಇನ್ನು ನರಗಳ ವಿಚಾರ. ಬೆನ್ನಿನ ಕೆಳಭಾಗದಿಂದ ಕಾಲ್ಬೆರಳಿಗೆ ಇಳಿಯುವ ನರತಂತುವಿನ ಉದ್ದ ಸುಮಾರು ಒಂದು ಮೀಟರು. ಅದನ್ನು ಪೋಷಿಸುವ ಕೋಶದ ಒಡಲು ಬೆನ್ನುಹುರಿಯ ಬಳಿಯಲ್ಲಿದೆ. ಸಕ್ಕರೆ ಬಹುಕಾಲ ಹೆಚ್ಚಾಗಿದ್ದರೆ ತಂತುವಿಗೂ ಅದರ ಸೂಕ್ಷ್ಮ ರಕ್ತನಾಳಗಳಿಗೂ ಹಾನಿಯಾಗಿ, ಅತ್ಯಂತ ಉದ್ದವಾದ ತಂತುವಿನ ತುದಿಯೇ ಮೊದಲು ಸೊರಗುತ್ತದೆ. ಉರಿ, ಜುಮುಜುಮು, ಸೂಜಿ ಚುಚ್ಚಿದಂತಹ ನೋವು ಎರಡೂ ಪಾದಗಳಲ್ಲಿ ತೊಡಗಿ ಮೇಲಕ್ಕೇರುವುದು ಇದರಿಂದಲೇ. ಗಡಿಯಲ್ಲಿರುವವರಲ್ಲಿಯೂ ಕೆಲವರಿಗೆ ಈ ಲಕ್ಷಣ ಕಾಣಿಸಿಕೊಳ್ಳುತ್ತದೆ.

ನೋವಿಗಿಂತಲೂ ಭಯಂಕರವಾದುದು ನೋವು ತಿಳಿಯದಿರುವುದು. ಮಲೆನಾಡಿನ ಮಳೆಗಾಲದಲ್ಲಿ ಒದ್ದೆಯಾದ ಕಾಲನ್ನು ಒಲೆಯ ಮುಂದೆ ಕಾಯಿಸಿಕೊಳ್ಳುವುದು ರೂಢಿ. ಸ್ಪರ್ಶಜ್ಞಾನ ಕುಂದಿದ ಪಾದಕ್ಕೆ ಬೆಂಕಿ ಎಷ್ಟು ಹತ್ತಿರವಿದೆಯೆಂಬುದೇ ತಿಳಿಯದು. ಕಾಫಿತೋಟದ ಮುಳ್ಳಾಗಲಿ ಬೂಟಿನೊಳಗಿನ ಹರಳಾಗಲಿ ಅರಿವಿಲ್ಲದೆಯೇ ಹುಣ್ಣನ್ನುಂಟುಮಾಡುತ್ತದೆ. ಹುಣ್ಣು ಕೊಳೆತರೆ ಕಾಲನ್ನೇ ಕತ್ತರಿಸಬೇಕಾದೀತು.

ಹಾಗೆಂದು ಪಾದದ ಉರಿಯೆಲ್ಲ ಸಕ್ಕರೆಯದೇ ಎನ್ನಲಾಗದು. ಬಿ12 ಜೀವಸತ್ತ್ವದ ಕೊರತೆ, ಮದ್ಯಪಾನ, ಕುಷ್ಠ, ಇವೂ ನರಗಳನ್ನು ಕೆಡಿಸುತ್ತವೆ. ಸಕ್ಕರೆಯನ್ನು ಇಳಿಸಲು ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ಸೇವಿಸಿದರೆ ಬಿ12 ಕಡಮೆಯಾಗುವುದುಂಟು. ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುವವರಿಗೆ ಈ ಭೇದ ತಿಳಿಯುವುದು ಹೇಗೆ? ವೈದ್ಯರಲ್ಲಿ ಇದಕ್ಕೆ ಸರಳವಾದ ಸಾಧನಗಳಿವೆ. ಸೆಕೆಂಡಿಗೆ 128 ಸಲ ಕಂಪಿಸುವ ಶ್ರುತಿಕವೆಯನ್ನು ಹೆಬ್ಬೆರಳ ಮೂಳೆಯ ಮೇಲಿರಿಸಿ ಕಂಪನ ತಿಳಿಯುವುದೇ ಎಂದು ಕೇಳುತ್ತಾರೆ. 10 ಗ್ರಾಮಿನ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಪಾದಕ್ಕೆ ತಾಗಿಸಿ ನೋಡುತ್ತಾರೆ. ನಾವು ಶಬ್ದದ ಪಾಠದಲ್ಲಿ ಬಳಸುವ ಉಪಕರಣವೇ ಇಲ್ಲಿ ಒಂದು ಕಾಲನ್ನು ಉಳಿಸಬಲ್ಲುದು.

ಗಡಿಯಲ್ಲಿರುವಾಗಲೇ ಎಚ್ಚೆತ್ತರೆ ಫಲವುಂಟೆ? ಉಂಟು. ಗಡಿಯಲ್ಲಿದ್ದ 531 ಮಂದಿಯನ್ನು ಮೂರು ವರ್ಷ ಗಮನಿಸಿದ ಭಾರತೀಯ ಪರೀಕ್ಷೆಯೊಂದರ ಫಲಿತಾಂಶವನ್ನು 2006ರಲ್ಲಿ ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಪ್ರಕಟಿಸಿದರು. ವಿಶೇಷ ಕ್ರಮವನ್ನು ಅನುಸರಿಸದವರಲ್ಲಿ ಶೇಕಡ 55 ಮಂದಿ ಮಧುಮೇಹಿಗಳಾದರು. ಆಹಾರವನ್ನು ತಿದ್ದಿಕೊಂಡು ವ್ಯಾಯಾಮ ಮಾಡಿದವರಲ್ಲಿ ಸುಮಾರು ಶೇಕಡ 39. ಅದೇ ವರ್ಷ ಅಮೆರಿಕದಲ್ಲಿ, ನರದೋಷವಿದ್ದ 32 ಮಂದಿ ಗಡಿಯವರು ಒಂದು ವರ್ಷ ಇಂತಹ ಕ್ರಮವನ್ನು ಅನುಸರಿಸಲು, ಚರ್ಮದ ನರತಂತುಗಳು ಸ್ವಲ್ಪಮಟ್ಟಿಗೆ ಮರಳಿ ಚಿಗುರಿದವು, ನೋವೂ ತಗ್ಗಿತು. ಪ್ರಯೋಗ ಸಣ್ಣದು, ಆದರೆ ಆಶಾದಾಯಕ. ಪೂರ್ಣವಾಗಿ ಕೆಟ್ಟ ನರಕ್ಕೆ ಇಂತಹ ಆಸೆ ಬಲು ಕಡಮೆ.

"ಗುಡ್ಡ ಹತ್ತಿ ಇಳಿಯುವ ನಮಗೆ ವ್ಯಾಯಾಮವೇಕೆ?" ಎಂದು ಕೆಲವರು ಕೇಳಬಹುದು. ತೋಟದಲ್ಲಿ ದಿನವೆಲ್ಲ ದುಡಿಯುವವರಿಗೆ ಇದು ಒಪ್ಪುವ ಮಾತು. ಜೀಪಿನಲ್ಲಿ ತೋಟ ಸುತ್ತುವವರಿಗೂ ಅಂಗಡಿ ಕಚೇರಿಗಳಲ್ಲಿ ಕುಳಿತವರಿಗೂ ಒಪ್ಪದು. ಅವರಿಗೆ ವಾರಕ್ಕೆ 150 ನಿಮಿಷಗಳ ಬಿರುಸು ನಡಿಗೆಯಾದರೂ ಬೇಕು. ಕಡುಬನ್ನೂ ಅಕ್ಕಿರೊಟ್ಟಿಯನ್ನೂ ತ್ಯಜಿಸಬೇಕೆಂದು ನಾವು ಹೇಳುವುದಿಲ್ಲ. ಅವುಗಳ ಪಾಲನ್ನು ಇಳಿಸಿ ಕಾಳು ಸೊಪ್ಪುಗಳ ಪಾಲನ್ನು ಏರಿಸಬೇಕು. ಸಕ್ಕರೆಯ ಬದಲು ಬೆಲ್ಲದ ಕಾಫಿ ಕುಡಿದರೆ ದೋಷವಿಲ್ಲವೆಂಬುದು ಬರಿಯ ಭ್ರಮೆ. ಬೆಲ್ಲದ ಬಹುಭಾಗವೂ ಸಕ್ಕರೆಯೇ.

ಗಡಿಯಲ್ಲಿರುವವರು ನಮ್ಮ ದೇಶದಲ್ಲಿ 13.6 ಕೋಟಿ ಮಂದಿಯೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಸಮೀಕ್ಷೆ ಅಂದಾಜು ಮಾಡಿದೆ. ಅವರಲ್ಲಿ ನಮ್ಮ ವಿದ್ಯಾರ್ಥಿಗಳ ತಂದೆತಾಯಿಗಳೂ ಇದ್ದಾರು. ಆದುದರಿಂದ ವಿದ್ಯಾರ್ಥಿಮಿತ್ರರಲ್ಲಿ ನಮ್ಮ ಕೋರಿಕೆ ಇಷ್ಟೆ: ಮನೆಯಲ್ಲಿ ಮಡಿಸಿಟ್ಟಿರುವ ಚೀಟಿಯನ್ನು ತೆಗೆದು ಓದಿರಿ, ಅಂಕಿಯನ್ನೂ ತಾರೀಖನ್ನೂ ಒಂದು ಪುಸ್ತಕದಲ್ಲಿ ಬರೆದಿಡಿರಿ, ವರ್ಷಕ್ಕೊಮ್ಮೆಯಾದರೂ ಮರುಪರೀಕ್ಷೆ ಮಾಡಿಸಿರಿ. ಹಿರಿಯರು ಪಾದ ಉರಿಯುತ್ತದೆಂದಾಗ ಎಣ್ಣೆಯ ಬಟ್ಟಲನ್ನು ಕೊಡುವುದಕ್ಕೆ ಮೊದಲು ದೀಪ ಹಿಡಿದು ಅಂಗಾಲನ್ನು ನೋಡಿರಿ. ಮರುದಿನವೇ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ.