ಮನೆಯ ಜಾಣ ಯಂತ್ರವೂ ಅದರ ಪೆಟ್ಟಿಗೆಯೂ

ಕಾಲೇಜುಗಳ ವಿಜ್ಞಾನ ಪ್ರದರ್ಶನಕ್ಕೆ ಈಗ ಯಾರೇ ಹೋಗಲಿ, ನೀರಿನ ಟ್ಯಾಂಕನ್ನು ಕಾಯುವ ಯಂತ್ರವೊಂದು ಯಾವುದಾದರೂ ಮೇಜಿನ ಮೇಲೆ ಕಣ್ಣಿಗೆ ಬೀಳದೆ ಇರದು. ಒಂದು ಬಕೆಟ್ಟು, ಅದರ ಬಾಯಿಯ ಮೇಲೆ ಬಣ್ಣದ ಪ್ಲಾಸ್ಟಿಕ್ಕಿನ ಪುಟ್ಟ ಪೆಟ್ಟಿಗೆ, ಅದರೊಳಗೆ ಮೈಕ್ರೊಕಂಟ್ರೋಲರು. ನೀರು ಇಳಿದರೆ ಪಂಪು ತಾನಾಗಿ ತಿರುಗುತ್ತದೆ, ತುಂಬಿದರೆ ತಾನಾಗಿ ನಿಲ್ಲುತ್ತದೆ. ನೋಡಿದವರು ತಲೆದೂಗುತ್ತಾರೆ, ಪರೀಕ್ಷಕರು ಅಂಕ ಕೊಡುತ್ತಾರೆ. ಆ ಅಂಕಗಳಲ್ಲಿ ಅರ್ಧವನ್ನು ನಾವಾದರೆ ತಡೆಹಿಡಿಯುತ್ತೇವೆ. ಯಂತ್ರವು ಕೆಟ್ಟಾಗ ಹೇಗೆ ವರ್ತಿಸುತ್ತದೆಂಬುದನ್ನು ತೋರಿಸಿದ ಮೇಲೆಯೇ ಉಳಿದರ್ಧವನ್ನು ಕೊಡತಕ್ಕದ್ದು ಎಂಬುದು ನಮ್ಮ ಅಭಿಪ್ರಾಯ.

ಯಂತ್ರದ ತತ್ತ್ವವೇನೋ ಸರಳವಾದುದೇ. ಸಂವೇದಕವು ಸೆಕೆಂಡಿಗೆ 40,000 ಕಂಪನಗಳುಳ್ಳ ಶಬ್ದವನ್ನು ನೀರಿನತ್ತ ಬಿಡುತ್ತದೆ. ನಮ್ಮ ಕಿವಿಗೆ ಅದು ಕೇಳಿಸದು. ಪ್ರತಿಧ್ವನಿ ಮರಳಲು ಹಿಡಿದ ಕಾಲವನ್ನು ಮೈಕ್ರೊಕಂಟ್ರೋಲರು ಅಳೆದು, ನೀರು ಎಷ್ಟು ಕೆಳಗಿದೆಯೆಂದು ಲೆಕ್ಕ ಹಾಕುತ್ತದೆ. 1 ಮೀಟರು ಕೆಳಗಿದ್ದರೆ ಹೋಗಿಬರಲು ಸುಮಾರು 6 ಮಿಲಿಸೆಕೆಂಡು ಸಾಕು. ಇಂತಹ ಸಾಧನ ವಿದ್ಯಾರ್ಥಿಗಳ ಕೈಗೆಟಕುವಂತಾದುದು ಈಚಿನ ಮಾತು. ಇಟಲಿಯ ಇವ್ರೆಯಾ ಪಟ್ಟಣದಲ್ಲಿ ಆರ್ಡುಯಿನೊ ಹುಟ್ಟಿದ್ದು 2005ರಲ್ಲಿ. ಕರಗಿದ ಪ್ಲಾಸ್ಟಿಕ್ಕಿನ ಎಳೆಯನ್ನು ಪದರಪದರವಾಗಿ ಪೇರಿಸುವ ಮುದ್ರಣವಿಧಾನದ ಮೂಲ ಪೇಟೆಂಟು ಮುಗಿದದ್ದು 2009ರಲ್ಲಿ. ಆ ಬಳಿಕವೇ ತ್ರೀಡಿ ಪ್ರಿಂಟರು ಅಗ್ಗವಾಗಿ ಕಾಲೇಜುಗಳ ಒಳಹೊಕ್ಕಿತು.

ಇನ್ನು ನಮ್ಮ ಹಟದ ಮೂಲವನ್ನು ಹೇಳಿಬಿಡಬೇಕು. ಅದು ನಮ್ಮ ಮನೆಯ ತಾರಸಿಯ ಮೇಲಿದೆ. ವಿದ್ಯಾರ್ಥಿಗಳಿಗೆ ಮಾದರಿಯಾಗಲೆಂದು ನಾವೂ ಇಂಥದೊಂದು ಯಂತ್ರವನ್ನು ಕಟ್ಟಿ, ಟ್ಯಾಂಕಿನ ಮುಚ್ಚಳದಲ್ಲಿ ರಂಧ್ರ ಕೊರೆದು ಕೂರಿಸಿದ್ದೆವು. ಪೆಟ್ಟಿಗೆ ಕಪ್ಪು ಬಣ್ಣದ್ದು. ಅಂದವಾಗಿ ಕಾಣುತ್ತದೆಂಬುದೇ ಅದಕ್ಕಿದ್ದ ಕಾರಣ. ಅದರ ಪ್ಲಾಸ್ಟಿಕ್ಕು ಪಿಎಲ್‌ಎ. ಮೆಕ್ಕೆಜೋಳ ಮುಂತಾದವುಗಳ ಪಿಷ್ಟದಿಂದ ತಯಾರಾಗುವ ಈ ವಸ್ತು ಮುದ್ರಿಸಲು ಬಲು ಸುಲಭ. ಆದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಮೆತ್ತಗಾಗತೊಡಗುತ್ತದೆ. ಚೈತ್ರದ ನಡುಹಗಲಿನಲ್ಲಿ ಮುಚ್ಚಿದ ಕಪ್ಪು ಪೆಟ್ಟಿಗೆ ಆ ಮಟ್ಟ ಮುಟ್ಟುವುದು ಕಷ್ಟವೇನಲ್ಲ. ತರಗತಿಯಲ್ಲಿ ಶಾಖದ ಹೀರಿಕೆಯನ್ನು ವರ್ಷವರ್ಷವೂ ಬೋಧಿಸುವ ನಮಗೆ ಇದು ಹೊಳೆಯದೆ ಹೋದದ್ದು ಸೋಜಿಗ!

ಪೆಟ್ಟಿಗೆ ಜೋತುಬಿತ್ತು, ಸಂವೇದಕ ಓರೆಯಾಯಿತು. ಈ ಶಬ್ದದ ತರಂಗದೂರ ಸುಮಾರು 8.6 ಮಿಲಿಮೀಟರು; ಅದರೆದುರು ನಿಂತ ನೀರಿನ ಮೇಲ್ಮೈ ಕನ್ನಡಿಯಂತೆ ವರ್ತಿಸುತ್ತದೆ. ಸಂವೇದಕವು ಯಾವ ಕೋನದಷ್ಟು ಓರೆಯಾಯಿತೋ ಅದರ ಇಮ್ಮಡಿ ಕೋನದಲ್ಲಿ ಪ್ರತಿಧ್ವನಿಯ ಮಧ್ಯಕಿರಣ ಅದರಿಂದ ದೂರ ಸರಿಯುತ್ತದೆ. ಹೀಗೆ ಸರಿದ ಧ್ವನಿ ಟ್ಯಾಂಕಿನ ಗೋಡೆಗಳಿಗೆ ಬಡಿದು ಸುತ್ತಾಡಿ ತಡವಾಗಿ ಮರಳಿತು. ತಡವಾದುದನ್ನು ಯಂತ್ರ ದೂರವೆಂದು ಬಗೆಯಿತು. ದೂರವಾದುದರಿಂದ ಟ್ಯಾಂಕು ಬರಿದೆಂದು ತೀರ್ಮಾನಿಸಿತು. ತುಂಬಿದ ಟ್ಯಾಂಕಿಗೆ ಪಂಪು ನೀರೆತ್ತುತ್ತಲೇ ಹೋಯಿತು. ಮನೆಯಲ್ಲಿ ಯಾರೂ ಇರಲಿಲ್ಲ. ಸಂಪು ಬತ್ತಿದ ಮೇಲೂ ಪಂಪು ತಿರುಗಿ, ನೀರೇ ತಣಿಸಬೇಕಾದ ಅದರ ಸೀಲು ಸುಟ್ಟುಹೋಯಿತು. ಸಂಜೆ ನಾವು ಮರಳಿದಾಗ ಪಕ್ಕದ ಮನೆಯ ಹಿರಿಯರು, "ಏನು ಮೇಷ್ಟ್ರೇ, ಮಳೆ ನಿಮ್ಮ ಮನೆಗೆ ಮಾತ್ರ ಬಂದಿತ್ತಲ್ಲ!" ಎಂದರು. 2024ರ ಬೇಸಗೆಯಲ್ಲಿ ಬೆಂಗಳೂರಿನ ಜನ ಬಿಂದಿಗೆ ಹಿಡಿದು ಟ್ಯಾಂಕರುಗಳಿಗಾಗಿ ಕಾದುದನ್ನು ಬಲ್ಲ ಯಾರಿಗೂ ಆ ಮಾತಿನ ಮೊನೆ ನಾಟದಿರದು.

ಕ್ರಮವಿಧಿಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ತಪ್ಪಿದ್ದು ಪೆಟ್ಟಿಗೆ. ಆದರೂ ಯೋಜನೆಯ ವರದಿಗಳಲ್ಲಿ ಕ್ರಮವಿಧಿಗೆ ಹತ್ತು ಪುಟ, ಪೆಟ್ಟಿಗೆಗೆ ಒಂದು ಚಿತ್ರ! ಇನ್ನೊಂದು ಸಂಗತಿಯನ್ನು ನೋಡಿ. ಶಬ್ದದ ವೇಗವನ್ನು ಎಲ್ಲರೂ ಸೆಕೆಂಡಿಗೆ 343 ಮೀಟರೆಂದು ಬರೆದುಬಿಡುತ್ತಾರೆ. ಅದು 20 ಡಿಗ್ರಿಯ ಮಾತು. ಡಿಗ್ರಿಯೊಂದಕ್ಕೆ ಸುಮಾರು 0.6 ಮೀಟರು ಹೆಚ್ಚಿ 40 ಡಿಗ್ರಿಯಲ್ಲಿ ವೇಗ 355ರಷ್ಟಾಗುತ್ತದೆ. ಒಂದೂವರೆ ಮೀಟರಿನ ಅಳತೆಯಲ್ಲಿ 5 ಸೆಂಟಿಮೀಟರು ತಪ್ಪುತ್ತದೆ. ಪಠ್ಯಪುಸ್ತಕದ ಈ ಪಾಠಕ್ಕೆ ಟ್ಯಾಂಕಿಗಿಂತ ಒಳ್ಳೆಯ ಪ್ರಯೋಗಶಾಲೆ ಬೇರೆ ಬೇಕೆ?

ನೀರು ಹೋದರೆ ಹೋಯಿತು, ಜೀವದ ಮಾತು ಹಾಗಲ್ಲ. ಪ್ರದರ್ಶನದ ಬಕೆಟ್ಟಿನ ಪಂಪು 5 ವೋಲ್ಟಿನದು. ಮನೆಯದು 230 ವೋಲ್ಟಿನದು. ಸಕ್ಕರೆಯಚ್ಚಿನಷ್ಟಿರುವ ನೀಲಿ ರಿಲೇಯ ಮೇಲೆ 10 ಆಂಪಿಯರ್ ಎಂದು ಬರೆದಿರುವುದನ್ನು ನೋಡಿ ಒಂದು ಅಶ್ವಶಕ್ತಿಯ ಮೋಟಾರನ್ನು ಅದಕ್ಕೆ ಜೋಡಿಸುವವರುಂಟು. ಮೋಟಾರು ಹೊರಡುವ ಕ್ಷಣದಲ್ಲಿ ಎಳೆಯುವ ವಿದ್ಯುತ್ತು ಅದು ಓಡುವಾಗಿನದಕ್ಕಿಂತ ಹಲವು ಪಟ್ಟು. ಆಗ ಏಳುವ ಕಿಡಿಗೆ ರಿಲೇಯ ತುದಿಗಳು ಬೆಸೆದುಕೊಳ್ಳಬಹುದು. ಬೆಸೆದ ಮೇಲೆ ಮೈಕ್ರೊಕಂಟ್ರೋಲರು 'ನಿಲ್ಲು' ಎಂದರೂ ಪಂಪು ನಿಲ್ಲದು. ಪುಟ್ಟ ರಿಲೇ ಕಾಂಟ್ಯಾಕ್ಟರನ್ನು ಎಳೆಯಲಿ, ಕಾಂಟ್ಯಾಕ್ಟರು ಮೋಟಾರನ್ನು ನಡೆಸಲಿ. ಇವೆಲ್ಲ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಕ್ಕುವ ಬೆಂಕಿ ಹಿಡಿಯದ ಪೆಟ್ಟಿಗೆಯೊಳಗಿರಲಿ. ಆ ಕೆಲಸಕ್ಕೆ ಬಲ್ಲ ಎಲೆಕ್ಟ್ರಿಷಿಯನ್ನನೇ ಬೇಕು. ನಾವು ಮುದ್ರಿಸಿದ ಪ್ಲಾಸ್ಟಿಕ್ಕಿನೊಳಗೆ ಮನೆಯ ವಿದ್ಯುತ್ತು ಸುಳಿಯಲೇ ಕೂಡದು. ಮುದ್ರಣದ ಮೋಹವುಳ್ಳ ತರುಣರಿಗೆ ಇದು ರುಚಿಸದಿರಬಹುದು. ಈ ವಿಷಯದಲ್ಲಿ ಮಾತ್ರ ನಾವು ರಾಜಿಗೆ ಒಪ್ಪುವವರಲ್ಲ.

ಇಷ್ಟೆಲ್ಲ ಗೋಜೇಕೆ, ಹಳೆಯ ಫ್ಲೋಟ್ ಸ್ವಿಚ್ಚೇ ಸಾಲದೆ ಎಂದು ಕೇಳುವವರೂ ಇದ್ದಾರೆ. ಬರೀ ಪಂಪು ನಿಲ್ಲಿಸುವುದಕ್ಕೆ ಧಾರಾಳವಾಗಿ ಸಾಕು. ದಿನಕ್ಕೆ ಎಷ್ಟು ನೀರು ಖರ್ಚಾಯಿತು, ರಾತ್ರಿ ಎಲ್ಲಿ ಸೋರುತ್ತಿದೆ ಎಂಬುದನ್ನು ಅದು ಹೇಳಲಾರದು, ಅಷ್ಟೆ. ನಮ್ಮ ತಾರಸಿಯ ಮೇಲೆ ಈಗ ಎರಡೂ ಇವೆ: ಲೆಕ್ಕವಿಡುವುದು ಮೈಕ್ರೊಕಂಟ್ರೋಲರು; ನೀರು ಅಂಚು ಮುಟ್ಟಿದರೆ ಯಾರ ಅಪ್ಪಣೆಗೂ ಕಾಯದೆ ಕಾಂಟ್ಯಾಕ್ಟರಿನ ವಿದ್ಯುತ್ತನ್ನು ಕಡಿಯುವುದು ಫ್ಲೋಟು. ಸಂಪಿನ ತಳದಲ್ಲಿ ಇನ್ನೊಂದು ಫ್ಲೋಟು ಬತ್ತುವ ಮುನ್ನವೇ ಪಂಪನ್ನು ನಿಲ್ಲಿಸುತ್ತದೆ. ಟ್ಯಾಂಕು ತುಂಬಲು ಹಿಡಿಯುವ ಕಾಲವನ್ನು ಗಡಿಯಾರವಿಟ್ಟು ಅಳೆದು, ಅದಕ್ಕಿಂತ ಐದು ನಿಮಿಷ ಹೆಚ್ಚಾದೊಡನೆ ಪಂಪು ನಿಲ್ಲುವಂತೆ ಕ್ರಮವಿಧಿಯಲ್ಲೂ ಬರೆದಿದ್ದೇವೆ. ಹೊಸ ಪೆಟ್ಟಿಗೆ ಬಿಳಿಯದು. ಸುಮಾರು 80 ಡಿಗ್ರಿಯವರೆಗೆ ತಾಳುವ ಪಿಇಟಿಜಿ ಪ್ಲಾಸ್ಟಿಕ್ಕಿನದು. ಅದರ ಮೇಲೊಂದು ತಗಡಿನ ನೆರಳು.

ಪರೀಕ್ಷಕರಾಗಿ ಹೋಗುವಾಗ ನಾವೀಗ ಜೇಬಿನಲ್ಲಿ ಒಂದು ಕರವಸ್ತ್ರವನ್ನು ಒಯ್ಯುತ್ತೇವೆ. ಯಂತ್ರ ಚೆನ್ನಾಗಿ ನಡೆಯುತ್ತಿರುವಾಗ ಸಂವೇದಕದ ಮೇಲೆ ಅದನ್ನು ಹೊದಿಸಿ, ಪಂಪು ಏನು ಮಾಡುತ್ತದೆಂದು ನೋಡುತ್ತೇವೆ.