ಹೊಂಗೆಯ ಹುಳುವಿನ ಪರವಾಗಿ

ಕಲಾ ವಿಭಾಗದ ವಿದ್ಯಾರ್ಥಿಗೆ ಹುಳುಹುಪ್ಪಟೆಯ ಗೊಡವೆಯೇಕೆಂದು ಮಿತ್ರರು ನಕ್ಕಾರು. ಆದರೆ ನನ್ನದೊಂದು ತಪ್ಪೊಪ್ಪಿಗೆಯುಂಟು. ಅದನ್ನು ಹೇಳಿಯೇ ವಾದಕ್ಕೆ ತೊಡಗುತ್ತೇನೆ.

ಅತ್ತಿಬೆಲೆಯ ನಮ್ಮ ಮನೆಯ ಮುಂದೆ ತಾತ ನೆಟ್ಟ ಹೊಂಗೆಯ ಮರವಿದೆ. ಕಳೆದ ವರ್ಷ ಯುಗಾದಿಯ ಹೊತ್ತಿಗೆ ಅದರ ಚಿಗುರೆಲ್ಲ ತೂತುಬಿದ್ದಿತು. ಮರ ಸತ್ತೀತೆಂದು ಹೆದರಿ, ಅಂಗಡಿಯಿಂದ ಔಷಧಿ ತಂದು ಕೈಗೆಟಕುವ ಕೊಂಬೆಗಳಿಗೆಲ್ಲ ಹೊಡೆದೆ. ಮರುದಿನ ಬೆಳಗ್ಗೆ ಮರದಡಿಯಲ್ಲಿ ಸತ್ತ ಹುಳುಗಳ ರಾಶಿ. "ತಿಂದ ಎಲೆ ಮತ್ತೆ ಚಿಗುರುತ್ತೆ ಕಣೋ, ನೀನು ಕೊಂದದ್ದು ಮತ್ತೆ ಹುಟ್ಟುತ್ತಾ?" ಎಂದರು ತಾತ. ಔಷಧಿ ತಗುಲದ ಮೇಲಿನ ಕೊಂಬೆಗಳೂ ಕೆಲವೇ ವಾರಗಳಲ್ಲಿ ಹಸಿರಾದುವು.

ನಾನು ಕೊಂದದ್ದು ಏನನ್ನೆಂದು ಆಮೇಲೆ ಪುಸ್ತಕ ನೋಡಿ ತಿಳಿದೆ. ಅವು ಸ್ಕಿಪ್ಪರ್ ಕುಟುಂಬದ ಚಿಟ್ಟೆಯ ಮರಿಗಳು. ಇಂಗ್ಲಿಷಿನಲ್ಲಿ ಅದರ ಹೆಸರು ಕಾಮನ್ ಬ್ಯಾಂಡೆಡ್ ಆಲ್. ಶಾಸ್ತ್ರೀಯ ನಾಮ ಹಸೋರ ಕ್ರೋಮಸ್. ಭಾರತದಿಂದ ಆಸ್ಟ್ರೇಲಿಯದವರೆಗೂ ಇದರ ವಾಸವುಂಟು. ಕಂದು ಬಣ್ಣ, ದಪ್ಪ ಮೈ. ನೋಡಿದವರು ದೀಪದ ಹುಳುವೆಂದೇ ತಿಳಿಯುತ್ತಾರೆ. ಆದರೆ ಮೀಸೆಯ ತುದಿ ಕೊಕ್ಕೆಯಂತೆ ಬಾಗಿರುವುದು ಸ್ಕಿಪ್ಪರ್‌ಗಳ ಗುರುತು. ಹಿಂದಿನ ರೆಕ್ಕೆಯ ಕೆಳಮೈಯಲ್ಲಿ ಬಿಳಿಯ ಪಟ್ಟೆಯೊಂದಿದ್ದು, ಮೂಲೆಯಲ್ಲಿ ಕಪ್ಪು ಮಚ್ಚೆಯಿದ್ದರೆ ಅದು ಇದೇ ಎನ್ನಬಹುದು. ಬಾಣದಂತೆ ಹಾರಿ ಬಂದು ಎಲೆಯ ಅಡಿಯಲ್ಲಿ ಅವಿತುಕೊಳ್ಳುತ್ತದೆ. ಹೊಂಗೆಯ ಚಿಗುರಿನಲ್ಲಿ ಮೊಟ್ಟೆಯಿಡುತ್ತದೆ. ಮರಿ ಎಲೆಗಳನ್ನು ರೇಷ್ಮೆಯ ಎಳೆಯಿಂದ ಹೆಣೆದು ಅದರೊಳಗೆ ಬಾಳುತ್ತದೆ. ದೊಡ್ಡದಾದ ಮೇಲೆ ಚಿಟ್ಟೆಗೆ ಬೇಕಾದುದು ಹೂವಿನ ಮಕರಂದವಷ್ಟೆ.

ಆದ್ದರಿಂದ ಈ ಚಿಟ್ಟೆಯನ್ನು ಹುಡುಕುವವನು ಮೊದಲು ಹೊಂಗೆಯನ್ನು ಹುಡುಕಬೇಕು. ಹೊಂಗೆಯ ನೆರಳನ್ನು ತಾಯಿಯ ಮಡಿಲೆಂದ ಹಿರಿಯರು ಅದನ್ನು ಹೊಲದ ಬದುವಿನಲ್ಲಿ ಬೆಳೆಸಿ, ಬೀಜದಿಂದ ದೀಪಕ್ಕೆ ಎಣ್ಣೆಯನ್ನೂ ಸೊಪ್ಪಿನಿಂದ ಭೂಮಿಗೆ ಗೊಬ್ಬರವನ್ನೂ ಪಡೆದರು. ಇಂದು ಹೊಸೂರು ರಸ್ತೆಯ ಆಸುಪಾಸಿನಲ್ಲಿ ಹೊಲಗಳಿದ್ದೆಡೆ ಕಾರ್ಖಾನೆಗಳೂ ಬಡಾವಣೆಗಳೂ ಎದ್ದಿವೆ. ಬದುವೇ ಇಲ್ಲದ ಮೇಲೆ ಬದುವಿನ ಮರವೆಲ್ಲಿ? ಬಡಾವಣೆಗಳಲ್ಲಿ ನಾವು ನೆಡುವುದೋ, ಎಲೆ ಕೆಡದ, ಹುಳು ಹತ್ತದ ಅಲಂಕಾರದ ಗಿಡಗಳನ್ನು. ಒಂದೂ ತೂತಿಲ್ಲದ ಎಲೆಯನ್ನು ಕಂಡು ಹಿಗ್ಗುತ್ತೇವೆ. ನನ್ನ ಮತದಲ್ಲಿ ಅದು ಯಾರಿಗೂ ಅನ್ನವಿಡದ ಮನೆಯಿದ್ದಂತೆ.

ಅಧ್ಯಾಪಕರಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನ ಬಿನ್ನಹವಿಷ್ಟೆ: ಮುಂದಿನ ವನಮಹೋತ್ಸವದಲ್ಲಿ ಕಾಲೇಜಿನ ಅಂಗಳದಲ್ಲಿ ಹೊಂಗೆಯನ್ನು ನೆಡೋಣ. ಎಳೆಯ ಸಸಿಗೆ ಹುಳು ಹೆಚ್ಚಾದರೆ ಕೈಯಿಂದ ಬಿಡಿಸಿ ದೊಡ್ಡ ಮರಕ್ಕೆ ಬಿಡೋಣ. ಔಷಧಿಯ ಡಬ್ಬಿಯನ್ನು ಮಾತ್ರ ಮುಟ್ಟುವುದು ಬೇಡ. ಈ ಯುಗಾದಿಗೆ ನಮ್ಮ ಮರದ ಚಿಗುರು ಮತ್ತೆ ತೂತಾಯಿತು. ನನಗೆ ಸಂತೋಷವಾಯಿತು.